ಗೋಡೆಯ ದೀಪ

ಕಲಬುರಗಿ ಜಿಲ್ಲೆಯ ಗೊಬ್ಬೂರಿನ ಸುತ್ತಲಿನ ಸೀಮೆಯಲ್ಲಿ ಹಳೆಯ ಮನೆಗಳ ಗೋಡೆಗಳು ಕಲ್ಲು ಮಣ್ಣಿನಿಂದ ಕಟ್ಟಿದವು, ಬಹಳ ದಪ್ಪವಾದವು. ಹಣತೆಯನ್ನೋ ಚಿಮಣಿಯನ್ನೋ ಇಡಲು ಆ ಗೋಡೆಗಳಲ್ಲಿ ಗೂಡುಗಳನ್ನು ಬಿಡುತ್ತಿದ್ದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರನ್ನೂ ತಲುಪಿತು. ಹಳ್ಳಿಗಳಿಗೆ ಅದು ಬರಲು ಹಲವು ದಶಕಗಳೇ ಹಿಡಿದವು. ಈಗ ಗೂಡಿನ ಮೇಲ್ಭಾಗದಲ್ಲಿ ವಿದ್ಯುದ್ದೀಪವೊಂದನ್ನು ಜೋಡಿಸಬೇಕೆಂದು ಮನೆಯವರು ಬಯಸುವುದು ಸಹಜ. ಸಮೀಪದಲ್ಲಿರುವ ಪ್ಲಗ್ ಪಾಯಿಂಟಿನಿಂದಲೇ ಅದಕ್ಕೆ ತಂತಿ ಎಳೆಯಬಹುದೆ? ಎಳೆಯಬಹುದು. ಆದರೆ ದೀಪ ಹತ್ತಿದ ಮಾತ್ರಕ್ಕೆ ಕೆಲಸ ಸರಿಯಾಯಿತೆಂದು ಭಾವಿಸಬಾರದು. ತಪ್ಪಾಗಿ ಜೋಡಿಸಿದ ದೀಪವೂ ಸರಿಯಾಗಿ ಜೋಡಿಸಿದ ದೀಪದಂತೆಯೇ ಬೆಳಗಬಲ್ಲದು.

ಮೊದಲು ಹೊರೆಯನ್ನು ಲೆಕ್ಕ ಹಾಕಬೇಕು. ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. 9 ವ್ಯಾಟಿನ ಎರಡು ಎಲ್‌ಇಡಿ ದೀಪಗಳಿಗೆ ಒಟ್ಟು 18 ವ್ಯಾಟ್ ಬೇಕು. 18ನ್ನು 230ರಿಂದ ಭಾಗಿಸಿದರೆ ಪ್ರವಾಹವು ಸುಮಾರು 0.08 ಆಂಪಿಯರ್ ಆಗುತ್ತದೆ. ಚಿಕ್ಕ ಪ್ಲಗ್ ಪಾಯಿಂಟ್ 6 ಆಂಪಿಯರನ್ನು ತಾಳಬಲ್ಲದು. ಆದ್ದರಿಂದ ದೀಪಗಳ ಹೊರೆ ಅಲ್ಪವೇ ಸರಿ. ಆದರೆ ಅದೇ ಪಾಯಿಂಟಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಹಾಕಿದಾಗ ಸುಮಾರು 4.3 ಆಂಪಿಯರ್ ಹರಿಯುತ್ತದೆ. ದೀಪದ ತಂತಿ ಸೇರಿಸುವಾಗ ತಿರುಪು ಸಡಿಲವಾಗಿ ಉಳಿದಿದ್ದರೆ ಆ ಸ್ಥಳ ಕಾಯುತ್ತದೆ. ತಂತಿಯ ಹೊದಿಕೆ ಕರಗಿ ಬೆಂಕಿ ಹೊತ್ತಿಕೊಳ್ಳಲೂಬಹುದು.

ಎರಡು ದೀಪಗಳನ್ನು ಸಮಾಂತರವಾಗಿ ಜೋಡಿಸಬೇಕು. ಆಗ ಪ್ರತಿಯೊಂದಕ್ಕೂ ಪೂರ್ಣ 230 ವೋಲ್ಟ್ ದೊರೆಯುತ್ತದೆ. ಒಂದು ಕೆಟ್ಟರೂ ಇನ್ನೊಂದು ಬೆಳಗುತ್ತದೆ. ಸರಣಿಯಲ್ಲಿ ಜೋಡಿಸಿದರೆ ಒಂದು ಕೆಟ್ಟೊಡನೆ ಎರಡೂ ಆರುತ್ತವೆ.

ಸ್ವಿಚ್ಚಿನ ಸ್ಥಾನ ಇನ್ನೂ ಮುಖ್ಯವಾದುದು. ಮನೆಯ ವಿದ್ಯುತ್ತು ಫೇಸ್, ನ್ಯೂಟ್ರಲ್ ಎಂಬ ಎರಡು ತಂತಿಗಳಲ್ಲಿ ಸಾಗುತ್ತದೆ. ಸ್ವಿಚ್ಚು ಯಾವಾಗಲೂ ಫೇಸ್ ತಂತಿಯಲ್ಲಿರಬೇಕು. ಅದನ್ನು ನ್ಯೂಟ್ರಲ್ ತಂತಿಯಲ್ಲಿ ಇಟ್ಟರೂ ದೀಪ ಹತ್ತುತ್ತದೆ, ಆರುತ್ತದೆ. ಆದರೆ ಆರಿದ ಮೇಲೂ ಹೋಲ್ಡರಿನವರೆಗೆ ವಿದ್ಯುತ್ತು ಬಂದು ನಿಂತಿರುತ್ತದೆ. ಸ್ವಿಚ್ಚನ್ನು ಆರಿಸಿದೆನೆಂಬ ಧೈರ್ಯದಿಂದ ಬಲ್ಬು ಬದಲಾಯಿಸಲು ಕೈಯಿಟ್ಟವರಿಗೆ ಆಘಾತ ತಗಲಬಹುದು.

ದೀಪದ ಚೌಕಟ್ಟು ಲೋಹದ್ದಾದರೆ ಹಸಿರು ಬಣ್ಣದ ಭೂಸಂಪರ್ಕ ತಂತಿ ಅದಕ್ಕೆ ಸೇರಲೇಬೇಕು. ಫೇಸ್ ತಂತಿ ಒಳಗೆ ಸವೆದು ಲೋಹಕ್ಕೆ ತಗುಲಿದರೆ ಪ್ರವಾಹ ಈ ತಂತಿಯ ಮೂಲಕ ಹರಿದು ಫ್ಯೂಸ್ ಕರಗುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಆ ಪ್ರವಾಹ ಮುಟ್ಟಿದವರ ದೇಹದ ಮೂಲಕ ಹಾಯುತ್ತದೆ. ಭೂಸಂಪರ್ಕವಿಲ್ಲವೆಂದು ದೀಪವೇನೂ ಮಂಕಾಗುವುದಿಲ್ಲ.

ಕಲ್ಲುಗೋಡೆಯನ್ನು ಕೊರೆಯುವುದು ಕಷ್ಟ. ಆದಕಾರಣ ತಂತಿಯನ್ನು ಪ್ಲಾಸ್ಟಿಕ್ ಪಟ್ಟಿಯೊಳಗಿಟ್ಟು ಗೋಡೆಯ ಮೇಲೆಯೇ ಹಾಯಿಸುವುದು ಅನುಕೂಲ. ಕೆಲಸಕ್ಕೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಬೇಕು. ಆ ಟೆಸ್ಟರು ಸರಿಯಾಗಿದೆಯೆ ಎಂಬುದನ್ನು ವಿದ್ಯುತ್ತು ಹರಿಯುತ್ತಿರುವಾಗಲೇ ನೋಡಿಕೊಂಡಿರಬೇಕು.

ಕೆಟ್ಟ ಬಲ್ಬನ್ನು ಬದಲಾಯಿಸಲು ಯಾರ ಪರವಾನಗಿಯೂ ಬೇಕಿಲ್ಲ. ಹೊಸ ತಂತಿ ಎಳೆಯುವ ಕೆಲಸವನ್ನಾದರೋ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂಬುದು ನಿಯಮ. ಈ ತಿಳಿವಳಿಕೆ ವಿದ್ಯಾರ್ಥಿಗಳಿಗೆ ಬೇಕಾಗಿರುವುದು ತಾವೇ ತಂತಿ ಬಿಚ್ಚುವುದಕ್ಕಲ್ಲ. ಕೆಲಸ ಮುಗಿದು ದೀಪ ಬೆಳಗಿದಾಗ, ಸ್ವಿಚ್ಚು ಯಾವ ತಂತಿಯಲ್ಲಿದೆ, ಭೂಸಂಪರ್ಕ ಸೇರಿದೆಯೆ, ತಿರುಪು ಬಿಗಿಯಾಗಿದೆಯೆ ಎಂದು ಕೇಳುವುದಕ್ಕೆ.