ವೇಗದ ಬೌಲರ್ ಮೇಷ್ಟ್ರಾದ ಕಥೆ

ಮಗ ಎಸ್ಸೆಸ್ಸೆಲ್ಸಿಗೆ ಬಂದನೆಂದರೆ ಕ್ರಿಕೆಟ್ ಬ್ಯಾಟು ಅಟ್ಟ ಸೇರುತ್ತದೆ. ಕೊರಟಗೆರೆಯಲ್ಲಾಗಲಿ, ಮಧುಗಿರಿ, ಶಿರಾ, ಪಾವಗಡದಲ್ಲಾಗಲಿ ಇದು ಅನೇಕ ಮನೆಗಳ ವಾಡಿಕೆ. ‘ಆಟ ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ?’ ಎಂಬುದು ಹೆತ್ತವರ ಪ್ರಶ್ನೆ. ‘ಓದಿದವರೆಲ್ಲ ಉದ್ಧಾರವಾದರೇ?’ ಎಂಬುದು ಮಕ್ಕಳ ಮರುಪ್ರಶ್ನೆ. ಇಬ್ಬರೂ ಕೇಳಬೇಕಾದ ಕಥೆಯೊಂದಿದೆ. ಅದು ಫ್ರಾಂಕ್ ಟೈಸನ್ ಅವರದು.

ಟೈಸನ್ ಹುಟ್ಟಿದ್ದು 1930ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ. ಅಲ್ಲಿನ ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ. ಸ್ವಂತ ಕೌಂಟಿಯ ತಂಡ ಅವರನ್ನು ಸೇರಿಸಿಕೊಳ್ಳಲಿಲ್ಲ. ಡರ್ಹಾಮ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅವರು 1952ರಲ್ಲಿ ನಾರ್ಥಾಂಪ್ಟನ್‌ಶೈರ್ ಪರ ಆಡತೊಡಗಿದರು. ಬೌಲಿಂಗ್ ಮಾಡಲು ಹಿಂದಕ್ಕೆ ನಡೆದು ಹೋಗುವಾಗ ವರ್ಡ್ಸ್‌ವರ್ತ್ ಕವಿಯ ಸಾಲುಗಳನ್ನು ಗುನುಗುತ್ತಿದ್ದರಂತೆ!

ಪೆಟ್ಟು ತಿಂದು ಗೆದ್ದರು

1954ರಲ್ಲಿ ಇಂಗ್ಲೆಂಡ್ ತಂಡ ಆಸ್ಟ್ರೇಲಿಯಾಕ್ಕೆ ಹೋಯಿತು. ಬ್ರಿಸ್ಬೇನ್‌ನ ಮೊದಲ ಟೆಸ್ಟ್‌ನಲ್ಲಿ ಟೈಸನ್ 160 ರನ್ ಕೊಟ್ಟು ಪಡೆದದ್ದು ಒಂದೇ ವಿಕೆಟ್. ತಂಡ ಇನಿಂಗ್ಸ್ ಸೋಲು ಕಂಡಿತು. ಟೈಸನ್ ಎದೆಗುಂದಲಿಲ್ಲ, ತಮ್ಮ ಉದ್ದನೆಯ ಓಟವನ್ನು ಮೊಟಕುಗೊಳಿಸಿದರು. ಚೆಂಡಿನ ವೇಗ ಬರುವುದು ಬರಿಯ ಓಟದ ದೂರದಿಂದಲ್ಲ. ಓಡಿ ಬಂದ ದೇಹದ ಚಲನೆಯನ್ನು ತೋಳಿನ ಮೂಲಕ ಚೆಂಡಿಗೆ ದಾಟಿಸುವುದರಿಂದ.

ಸಿಡ್ನಿಯ ಎರಡನೇ ಟೆಸ್ಟ್‌ನಲ್ಲಿ ಬ್ಯಾಟ್ ಮಾಡುತ್ತಿದ್ದಾಗ ಲಿಂಡ್ವಾಲ್ ಅವರ ಬೌನ್ಸರ್ ತಲೆಯ ಹಿಂಭಾಗಕ್ಕೆ ಬಡಿದು ಟೈಸನ್ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಆದರೂ ಅವರು ಮರಳಿ ಬಂದು 85 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 38 ರನ್‌ಗಳಿಂದ ಗೆದ್ದಿತು. ಮೆಲ್ಬರ್ನ್‌ನಲ್ಲಿ 27 ರನ್ನಿಗೆ 7 ವಿಕೆಟ್. ಸರಣಿಯಲ್ಲಿ ಒಟ್ಟು 28. ಪತ್ರಿಕೆಗಳು ಅವರಿಗೆ ‘ಟೈಫೂನ್’, ಅಂದರೆ ಚಂಡಮಾರುತ, ಎಂದು ಹೆಸರಿಟ್ಟವು.

1955ರಲ್ಲಿ ನ್ಯೂಜಿಲೆಂಡಿನಲ್ಲಿ ಅವರ ಚೆಂಡಿನ ವೇಗವನ್ನು ಅಳೆದಾಗ ಗಂಟೆಗೆ 89 ಮೈಲಿ ಬಂತು. ವಿದ್ಯಾರ್ಥಿಗಳೇ, ಲೆಕ್ಕ ಹಾಕಿ ನೋಡಿ: ಗಂಟೆಗೆ ಸುಮಾರು 143 ಕಿಲೋಮೀಟರ್, ಸೆಕೆಂಡಿಗೆ ಸುಮಾರು 40 ಮೀಟರ್. ಅಂಥ ಚೆಂಡು ಬ್ಯಾಟ್ಸ್‌ಮನ್‌ನನ್ನು ತಲುಪಲು ಸುಮಾರು ಅರ್ಧ ಸೆಕೆಂಡ್ ಸಾಕು!

ಮೈದಾನದಿಂದ ತರಗತಿಗೆ

ವೇಗಕ್ಕೆ ದೇಹ ಬೆಲೆ ತೆರಬೇಕು. ಚೆಂಡು ಬಿಡುವ ಗಳಿಗೆಯಲ್ಲಿ ಬೌಲರನ ಮುಂಗಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಗಾಯಗಳಿಂದ ಬಳಲಿದ ಟೈಸನ್ 1960ರಲ್ಲಿ, ಮೂವತ್ತರ ಹರೆಯದಲ್ಲೇ, ಆಟಕ್ಕೆ ವಿದಾಯ ಹೇಳಿದರು. ಆಡಿದ್ದು 17 ಟೆಸ್ಟ್, ಪಡೆದದ್ದು 76 ವಿಕೆಟ್.

ಆಗ ಕೈ ಹಿಡಿದದ್ದು ಓದು. ಮೆಲ್ಬರ್ನ್‌ಗೆ ಹೋಗಿ ನೆಲೆಸಿದ ಅವರು ಕ್ಯಾರಿ ಬ್ಯಾಪ್ಟಿಸ್ಟ್ ಗ್ರಾಮರ್ ಶಾಲೆಯಲ್ಲಿ ಮೇಷ್ಟ್ರಾಗಿ ಪಾಠ ಹೇಳಿದರು, ಮಕ್ಕಳಿಗೆ ಕ್ರಿಕೆಟ್ಟನ್ನೂ ಕಲಿಸಿದರು. ಅಲ್ಲಿ ಅವರ ಕೈಯಲ್ಲಿ ಪಳಗಿದ ಗ್ರಹಾಂ ಯಾಲಪ್ ಮುಂದೆ ಆಸ್ಟ್ರೇಲಿಯಾ ತಂಡದ ನಾಯಕರಾದರು. 1978ರಲ್ಲಿ ಟೆಸ್ಟ್ ಪಂದ್ಯದಲ್ಲಿ ಮೊದಲ ಬಾರಿಗೆ ಹೆಲ್ಮೆಟ್ ಧರಿಸಿ ಆಡಿದವರು ಇದೇ ಯಾಲಪ್. ತಲೆಗೆ ಪೆಟ್ಟು ತಿಂದ ಗುರುವಿಗೆ ಎಂಥ ಶಿಷ್ಯ!

ಟೈಸನ್ 1975ರಿಂದ ವಿಕ್ಟೋರಿಯಾ ಕ್ರಿಕೆಟ್ ಸಂಸ್ಥೆಯ ತರಬೇತಿ ನಿರ್ದೇಶಕರಾಗಿದ್ದರು. ಪುಸ್ತಕಗಳನ್ನು ಬರೆದರು, ವೀಕ್ಷಕ ವಿವರಣೆ ನೀಡಿದರು. 1990ರ ದಶಕದಲ್ಲಿ ಮುಂಬೈಗೂ ಬಂದು ನಮ್ಮ ಯುವ ವೇಗಿಗಳನ್ನು ತಿದ್ದಿದರು. 2015ರಲ್ಲಿ ತೀರಿಕೊಂಡಾಗ ಅವರಿಗೆ 85 ವರ್ಷ.

ನಮ್ಮ ರಾಜ್ಯದ ಎರ‍್ರಪಳ್ಳಿ ಪ್ರಸನ್ನ ಅವರ ಉದಾಹರಣೆಯೂ ಇದೆ. 1962ರ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಎಂಜಿನಿಯರಿಂಗ್ ಪದವಿಗಾಗಿ ಟೆಸ್ಟ್ ಆಟದಿಂದ ದೂರ ಉಳಿದರು. 1967ರಲ್ಲಿ ಮರಳಿದವರು ಒಟ್ಟು 189 ವಿಕೆಟ್ ಪಡೆದರು. ಓದು ಅವರ ಸ್ಪಿನ್ನಿನ ಮೊನೆಯನ್ನು ಮೊಂಡು ಮಾಡಲಿಲ್ಲ.

ಆಟ ಬಿಟ್ಟ ಮೇಲೆ ಟೈಸನ್ ಬದುಕಿದ್ದು 55 ವರ್ಷ. ಅಷ್ಟು ದೀರ್ಘ ಬದುಕಿಗೆ ಓದು ಆಸರೆಯಾಯಿತು. ಸೋತಾಗ ತಿದ್ದಿಕೊಳ್ಳುವುದನ್ನು, ಬಿದ್ದಾಗ ಏಳುವುದನ್ನು ಆಟ ಕಲಿಸಿತು. ಹೆತ್ತವರು ಸಂಜೆಯ ಒಂದು ಗಂಟೆಯನ್ನು ಮಗುವಿನ ಆಟಕ್ಕೆ ಬಿಟ್ಟುಕೊಡಲಿ. ಕತ್ತಲಾಗುತ್ತಲೇ ಮಗು ತಾನಾಗಿ ಪುಸ್ತಕ ಹಿಡಿಯಲಿ. ಇಬ್ಬರೂ ಈ ಮಾತಿಗೆ ಬದ್ಧರಾದರೆ ಜಗಳಕ್ಕೆ ಎಡೆಯೆಲ್ಲಿ?