ಕರೀ ಅಂಗಿಯ ಹುಡುಗರು

ನವೆಂಬರ್ ಹತ್ತಿರ ಬಂತು ಅಂದ್ರೆ ಬೆಳಗಾವಿಯಲ್ಲಿ ಬಟ್ಟೆಯ ಬಣ್ಣಕ್ಕೂ ರಾಜಕೀಯ ಬರುತ್ತೆ. ಒಂದನೇ ತಾರೀಖು ಚನ್ನಮ್ಮ ವೃತ್ತದಲ್ಲಿ ಹಳದಿ-ಕೆಂಪು ಬಾವುಟ. ಅದೇ ದಿನ ಎಂಇಎಸ್‌ನವರ ಕರಾಳ ದಿನ, ಕಪ್ಪು ಬಟ್ಟೆ. ಇಂಥ ಸೀಮೆಯಲ್ಲಿ ಮನೆಯ ಹುಡುಗ ವರ್ಷವಿಡೀ ಕಪ್ಪು ಟೀ ಶರ್ಟಿನಲ್ಲೇ ತಿರುಗಿದರೆ ಹೆತ್ತವರಿಗೆ ದಿಗಿಲಾಗೋದು ಸಹಜ. ಖಾನಾಪುರದ ತಾಯಿಯೊಬ್ಬರು ಫೋನ್ ಮಾಡಿ ಕೇಳಿದ್ದರು: "ಸರ, ನಮ್ಮ ಹುಡುಗ ಕರೀ ಅಂಗಿ ಬಿಟ್ಟು ಬ್ಯಾರೆ ಹಾಕೂದಿಲ್ರೀ. ಎದಿ ಮ್ಯಾಲ ಏನೋ ಇಂಗ್ಲಿಷ್ ಅಕ್ಷರ ಅದಾವು. ಯಾವುದರ ಪಾರ್ಟಿ ಸೇರ್ಯಾನೇನ್ರೀ?"

ಅಕ್ಷರ ಓದಿಸಿದೆ. ಮೆಟಾಲಿಕಾ. ಪಾರ್ಟಿ ಅಲ್ಲಮ್ಮ, ಅಮೆರಿಕದ ಹಾಡುಗಾರರ ತಂಡ ಅಂದೆ. ಆದರೆ ಅಷ್ಟು ಹೇಳಿದರೆ ಸಾಲದು.

1981, ಲಾಸ್ ಏಂಜಲೀಸ್. ಡೆನ್ಮಾರ್ಕ್‌ನಿಂದ ಬಂದಿದ್ದ ಡ್ರಮ್ಸ್ ಹುಡುಗ ಲಾರ್ಸ್ ಉಲ್ರಿಚ್, ಗಿಟಾರಿನ ಜೇಮ್ಸ್ ಹೆಟ್‌ಫೀಲ್ಡ್ ಜೊತೆಯಾದರು. ಜೇಮ್ಸ್ ಮನೆಯವರದು ಔಷಧಿ ಒಪ್ಪದ ಪಂಥ. ತಾಯಿ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯದೇ ತೀರಿಹೋದಾಗ ಹುಡುಗನಿಗೆ 16 ವರ್ಷ. ನಮಗೆ ಬರೀ ಕಿರುಚಾಟ ಅಂತ ಕೇಳಿಸೋದರ ಹಿಂದೆ ಹೀಗೊಂದು ಮನೆಯಿದೆ. 1983ರಲ್ಲಿ ಮೊದಲ ಆಲ್ಬಮ್. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ ಸತ್ತ. 24 ವರ್ಷ. 1991ರಲ್ಲಿ ಬಂದ ಆಲ್ಬಮ್‌ಗೆ ಬ್ಯಾಂಡಿನದೇ ಹೆಸರು, ಮುಖಪುಟ ಪೂರ್ತಿ ಕಪ್ಪು. ಅಮೆರಿಕ ಒಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಹೋಯಿತು. ಆಮೇಲೆ ಹಣ, ಕುಡಿತ, ಜಗಳ. 2000ದಲ್ಲಿ ಹಾಡು ಪುಕ್ಕಟೆ ಹಂಚುತ್ತಿದ್ದ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿ ಸ್ವಂತ ಅಭಿಮಾನಿಗಳಿಂದಲೇ ಬೈಸಿಕೊಂಡರು. ಮರುವರ್ಷ ಹೆಟ್‌ಫೀಲ್ಡ್ ಕುಡಿತ ಬಿಡಿಸುವ ಕೇಂದ್ರ ಸೇರಿದ. ಬ್ಯಾಂಡ್ ಮುಗೀತು ಅಂದವರೇ ಹೆಚ್ಚು. ಮುಗಿಯಲಿಲ್ಲ.

ಈ ಸದ್ದು ಎಲ್ಲಿಂದ ಬಂತು? ಉದ್ಯಮಬಾಗದ ಫೌಂಡ್ರಿ ಕೆಲಸಗಾರರಿಗೆ ಇದು ಬೇಗ ಅರ್ಥ ಆಗುತ್ತೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಅಯೋಮಿ ಅನ್ನೋ ಹುಡುಗ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳಕೊಂಡ. ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಗಿಟಾರ್ ತಂತಿಯ ಬಿಗಿ ಸಡಿಲಿಸಿ ಬಾರಿಸಿದ. ಆ ದಪ್ಪ, ಮಂದ್ರ ನಾದವೇ ಹೆವಿ ಮೆಟಲ್‌ನ ಬುನಾದಿ. ಮೆಟಾಲಿಕಾ ಅದಕ್ಕೆ ವೇಗ ಕೊಟ್ಟಿತು. ಬಲಗೈ ಅಂಗೈಯನ್ನ ತಂತಿಗೆ ಒತ್ತಿ ಹಿಡಿದು, ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯೋದು, ನಿಮಿಷಗಟ್ಟಲೆ, ತಾಳ ಒಂದಿಷ್ಟೂ ಜಾರದ ಹಾಗೆ. ಮಾಡಿ ನೋಡಿ, ಮಣಿಕಟ್ಟು ಸೋತುಹೋಗುತ್ತೆ. ಅಶಿಸ್ತಿನ ಸಂಗೀತ ಅಲ್ಲ ಇದು.

ಇವರು ನಮ್ಮ ರಾಜ್ಯಕ್ಕೂ ಬಂದಿದ್ದರು. 2011ರ ಅಕ್ಟೋಬರ್ 28ಕ್ಕೆ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ಕೊನೇ ಗಳಿಗೆಯಲ್ಲಿ ನಿಂತು, ರೊಚ್ಚಿಗೆದ್ದ ಜನ ವೇದಿಕೆಗೆ ನುಗ್ಗಿದರು. ಎರಡೇ ದಿನ ಬಿಟ್ಟು ಭಾನುವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ಬ್ಯಾಂಡು ಬಾರಿಸಿತು. ಭಾರತದಲ್ಲಿ ಅವರ ಮೊದಲ ಕಛೇರಿ ನಮ್ಮ ಪಾಲಿಗೆ ಬಂದದ್ದು ಹೀಗೆ. ಮೈದಾನ ಪೂರ್ತಿ ಕಪ್ಪು ಅಂಗಿ. ಬೆಂಗಳೂರಿನದೇ ಕ್ರಿಪ್ಟೋಸ್ ತಂಡ 1998ರಲ್ಲಿ ಹುಟ್ಟಿ, 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ಬಾರಿಸಿ ಬಂತು ಅಂದ್ರೆ ಪ್ರಭಾವ ಟೀ ಶರ್ಟಿಗೇ ನಿಂತಿಲ್ಲ ಅಂತಾಯ್ತಲ್ಲ. ಬೆಳಗಾವಿಯ ಕಾಲೇಜು ಬ್ಯಾಂಡುಗಳಲ್ಲಿ ನಾನು ಕಂಡದ್ದು: ಗಿಟಾರಿನವನ ಮನೆಮಾತು ಮರಾಠಿ, ಡ್ರಮ್ಸಿನವನದು ಕನ್ನಡ, ಹಾಡುವವನದು ಕೊಂಕಣಿ. ಗಡಿ ವಿವಾದಕ್ಕೆ ಅವರ ರಿಹರ್ಸಲ್‌ನಲ್ಲಿ ಪುರುಸೊತ್ತಿಲ್ಲ; ಜಗಳವೇನಿದ್ದರೂ ಆ್ಯಂಪ್ಲಿಫೈಯರ್ ಯಾರು ಹೊರಬೇಕು ಅನ್ನೋದಕ್ಕೆ.

ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರು ಬೆಳಗಾವಿ. ಸುತ್ತಲ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರು ಎಷ್ಟೋ ಜನ. ಅದಕ್ಕೇ ಆ ತಾಯಿಗೆ ನಾನು ಒಂದೇ ಒಂದು ಹಾಡು ಮಗನ ಹತ್ತಿರ ಹಾಕಿಸಿಕೊಂಡು ಕೇಳಿ ಅಂತ ಹೇಳಿದ್ದು: 1988ರ ಆಲ್ಬಮ್‌ನ 'ಒನ್'. ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲ ಹೋಗಿ, ಬುದ್ಧಿ ಮಾತ್ರ ಎಚ್ಚರ ಇರುವ ಸೈನಿಕನ ಹಾಡು. ಡಾಲ್ಟನ್ ಟ್ರಂಬೋ 1939ರಲ್ಲಿ ಬರೆದ ಕಾದಂಬರಿ ಅದಕ್ಕೆ ಮೂಲ. ಟ್ರಂಬೋ ಅದನ್ನ ತಾನೇ ಸಿನಿಮಾ ಮಾಡಿದ, ಅದರ ದೃಶ್ಯಗಳು ಹಾಡಿನ ವಿಡಿಯೋದಲ್ಲಿವೆ: ಹಾಸಿಗೆಯಲ್ಲಿ ಬಿದ್ದವನು ತಲೆಯನ್ನ ದಿಂಬಿಗೆ ಬಡಿದು ಬಡಿದು, ತಂತಿ ಸಂದೇಶದ ಭಾಷೆಯಲ್ಲಿ ನನ್ನ ಕೊಂದುಬಿಡಿ ಅಂತಾನೆ. ಶುರುವಿನಲ್ಲಿ ಹಾಡು ಮೆತ್ತಗಿದೆ, ಯಾರೋ ಪಕ್ಕದಲ್ಲಿ ಕೂತು ನುಡಿಸಿದ ಹಾಗೆ. ಅರ್ಧ ದಾಟಿದ ಮೇಲೆ ಡ್ರಮ್ಸು ಮಷಿನ್‌ಗನ್ ಆಗುತ್ತೆ. ಅಲ್ಲಿ ವಾಲ್ಯೂಮ್ ಕಡಿಮೆ ಮಾಡಬೇಡಿ.