ಗಿಡ್ಡ ಹುರುಳಿಕಾಯಿ: ಒಂದೊಂದು ಹಿಡಿಯ ಬೇಸಾಯ

ಆನೇಕಲ್ ತಾಲ್ಲೂಕಿನ ಸರ್ಜಾಪುರದ ಸುತ್ತ ಮೊದಲೆಲ್ಲ ರಾಗಿ ಹೊಲ, ನಡುನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಈಗ ಅಂಥ ಹೊಲಗಳ ಮೇಲೆ ಲೇಔಟು, ಅಪಾರ್ಟ್‌ಮೆಂಟು. ಮಣ್ಣು ಅಂತ ಉಳಿದಿರುವುದು ಕಾಂಪೌಂಡ್ ಪಕ್ಕದ ಮೂರಡಿ ಪಟ್ಟಿ, ಇಲ್ಲವೇ ಬಾಲ್ಕನಿಯ ಗ್ರೋ ಬ್ಯಾಗು. ಇಷ್ಟು ಜಾಗಕ್ಕೆ ಹೇಳಿ ಮಾಡಿಸಿದ ಬೆಳೆ ಗಿಡ್ಡ ಹುರುಳಿಕಾಯಿ, ಅಂದರೆ ಪೊದೆಯಾಗಿ ಬೆಳೆಯುವ ಬೀನ್ಸ್. ಮೊಣಕಾಲೆತ್ತರ ಬಂದರೆ ಹೆಚ್ಚು. ಚಪ್ಪರ ಬೇಡ, ಕೋಲು ಬೇಡ. ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಹತ್ತನೇ ಮಹಡಿಗೆ ಜೇನು ಬರದಿದ್ದರೂ ನಡೆಯುತ್ತದೆ.

ಅಮೆರಿಕ ಖಂಡಗಳಿಂದ ಬಂದ ಈ ಬೆಳೆಗೆ ಹಿತವಾದದ್ದು 16ರಿಂದ 24 ಡಿಗ್ರಿ ಸೆಲ್ಸಿಯಸ್ ಹವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಬಯಲಿನಲ್ಲಿ ಜೂನ್‌ನಿಂದ ಫೆಬ್ರುವರಿವರೆಗೆ ಧಾರಾಳವಾಗಿ ಬಿತ್ತಬಹುದು. ಏಪ್ರಿಲ್ ಬಿಸಿಲಿಗೆ ಹೂವೇನೋ ಬರುತ್ತದೆ, ಕಾಯಿಯಾಗದೆ ಉದುರುತ್ತದೆ. ಅದಕ್ಕೆ ಗೊಬ್ಬರ ಸುರಿದು ಉಪಯೋಗವಿಲ್ಲ.

ತಳಿಗೆ ದೂರ ಹೋಗಬೇಕಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಕೋಮಲ್, ಅರ್ಕ ಸುವಿಧಾ, ಅರ್ಕ ಅನೂಪ್ ಮೂರೂ ಗಿಡ್ಡ ತಳಿಗಳೇ. ಅನೂಪ್ ತುಕ್ಕುರೋಗವನ್ನು ತಡೆಯುತ್ತದೆ. ಸುವಿಧಾದಲ್ಲಿ ನಾರಿಲ್ಲ, ಬೆಳಗಿನ ಎಂಟು ಗಂಟೆಗೆ ಕಂಪನಿ ಬಸ್ಸು ಹಿಡಿಯುವವರಿಗೆ ಇದೇ ದೊಡ್ಡ ಗುಣ. ಹೀಗೆ ನಾರಿಲ್ಲದ ಬೀನ್ಸನ್ನು 1894ರಷ್ಟು ಹಿಂದೆಯೇ ಅಮೆರಿಕದ ಬರ್ಪಿ ಬೀಜದ ಕಂಪನಿ ಮಾರಾಟಕ್ಕೆ ತಂದಿತ್ತು. ತಳಿ ತೆಗೆದವರು ಕ್ಯಾಲ್ವಿನ್ ಕೀನಿ.

ಈ ಕಡೆ ಗಿಡ ಕೆಡುವುದು ಹುಳುವಿಗಿಂತ ಹೆಚ್ಚಾಗಿ ನೀರಿನಿಂದ ಎಂದರೂ ತಪ್ಪಾಗಲಾರದು. ಉಪ್ಪನ್ನು ಸಹಿಸದ ತರಕಾರಿಗಳಲ್ಲಿ ಹುರುಳಿಕಾಯಿ ಮುಂಚೂಣಿಯಲ್ಲಿದೆ. ಬೋರ್‌ವೆಲ್‌ನ ಗಡಸು ನೀರನ್ನು ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಮೆದುವಾಗಿಸುವಾಗ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಬಟ್ಟೆ ಒಗೆಯಲು ಅದು ಸರಿ, ಗಿಡಕ್ಕಲ್ಲ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಂತೂ ಉಪ್ಪು ಇನ್ನೂ ಸಾಂದ್ರ. ಕುಂಡದ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟಿ, ಎಲೆಯಂಚು ಕಂದಿ ಒಣಗುತ್ತಿದ್ದರೆ ಔಷಧಿ ಹುಡುಕುವ ಮೊದಲು ನೀರನ್ನು ಅನುಮಾನಿಸಿ. ಮಳೆನೀರು ಹಿಡಿದಿಟ್ಟಿದ್ದರೆ ಅದರ ಮೊದಲ ಪಾಲು ಹುರುಳಿಕಾಯಿಗೆ. ಇಲ್ಲದಿದ್ದರೆ ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರನ್ನು ಕೇಳಿ ಪಡೆಯಿರಿ.

ಕೆಂಪುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮಣ್ಣು ಬಿಗಿಯಾಗದಂತೆ ಒಂದಿಷ್ಟು ಕೊಕೊಪೀಟ್. ಯೂರಿಯಾ ಬೇಡ, ಎಲೆ ಸೊಂಪಾಗಿ ಬೆಳೆದು ಕಾಯಿ ಕಡಿಮೆಯಾಗುತ್ತದೆ. ಬೀಜವನ್ನು ಒಂದಂಗುಲ ಆಳಕ್ಕೆ, ಗೇಣಿಗಿಂತ ತುಸು ಕಡಿಮೆ ಅಂತರದಲ್ಲಿ ನೇರವಾಗಿ ಊರಬೇಕು, ಸಸಿ ಮಾಡಿ ಕಿತ್ತು ನೆಡುವ ತಾಪತ್ರಯ ಬೇಡ. ವಾರದೊಳಗೆ ಮೊಳಕೆ ಕತ್ತು ಬಗ್ಗಿಸಿಕೊಂಡು ಮೇಲೇಳುತ್ತದೆ. ಬಟಾಣಿಯ ಬೇಳೆಗಳು ಮಣ್ಣೊಳಗೇ ಉಳಿದರೆ ಇದು ತನ್ನೆರಡು ಬೇಳೆಗಳನ್ನು ಹೊತ್ತುಕೊಂಡೇ ಹೊರಬರಬೇಕು. ಮೇಲ್ಮಣ್ಣು ಹೆಪ್ಪುಗಟ್ಟಿದ್ದರೆ ಆ ಕತ್ತು ಮುರಿಯುತ್ತದೆ. ಆದ್ದರಿಂದ ಊರಿದ ಮೇಲೆ ತೆಳುವಾಗಿ ಎಲೆಗೊಬ್ಬರ ಉದುರಿಸಿ, ಮೆಲ್ಲಗೆ ನೀರು ಚಿಮುಕಿಸಿ. ಬೇಳೆ ಹೊರಬಿದ್ದ ಮೊದಲ ವಾರ ಪಾರಿವಾಳಗಳ ಕಾಟ; ಹಳೇ ಸೊಳ್ಳೆಪರದೆ ಸಾಕು.

ಬಳ್ಳಿ ಬೀನ್ಸ್ ತಿಂಗಳುಗಟ್ಟಲೆ ಒಂದಿಷ್ಟೊಂದಿಷ್ಟು ಕೊಡುತ್ತಾ ಹೋಗುತ್ತದೆ. ಗಿಡ್ಡದ್ದು ಹಾಗಲ್ಲ. ಬಿತ್ತಿದ ಸುಮಾರು 50 ದಿನಕ್ಕೆ ಶುರುವಾಗಿ, ಎರಡು ಮೂರು ವಾರದಲ್ಲಿ ಕೊಡುವುದನ್ನೆಲ್ಲ ಕೊಟ್ಟು ಮುಗಿಸುತ್ತದೆ. ಪೊಟ್ಟಣ ಪೂರ್ತಿ ಒಂದೇ ದಿನ ಬಿತ್ತಿದವರು ಆಮೇಲೆ ಬಾಗಿಲು ಬಾಗಿಲಿಗೂ ಬೀನ್ಸ್ ಹಂಚಿ, ಮುಂದಿನ ತಿಂಗಳು ಅಂಗಡಿಯಲ್ಲಿ ಕೊಳ್ಳುತ್ತಾರೆ. ಹದಿನೈದು ದಿನಕ್ಕೊಮ್ಮೆ ಹತ್ತು ಹನ್ನೆರಡು ಬೀಜ ಊರುತ್ತಾ ಬಂದರೆ ಒಂದು ಪಾಳಿ ಮುಗಿಯುವಾಗ ಇನ್ನೊಂದು ಸಿದ್ಧ. ಕಾಯಿ ಲಟಕ್ಕನೆ ಮುರಿಯುವಾಗಲೇ, ಒಳಗಿನ ಕಾಳು ಹೊರಗೆ ಉಬ್ಬಿ ಕಾಣುವ ಮೊದಲೇ, ಎರಡು ದಿನಕ್ಕೊಮ್ಮೆ ಬಿಡಿಸಿ. ಬಲಿಯಲು ಬಿಟ್ಟರೆ ಗಿಡ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಎಲೆ ಒದ್ದೆಯಿದ್ದಾಗ ಮುಟ್ಟಬೇಡಿ. ರೋಗ ಕೈಯಿಂದ ಕೈಗೆ, ಗಿಡದಿಂದ ಗಿಡಕ್ಕೆ ಹರಡುತ್ತದೆ.

ಅಡುಗೆಯಲ್ಲಿ ಪಲ್ಯ, ಸಾಗು, ಬಿಸಿಬೇಳೆಬಾತ್ ಎಲ್ಲರಿಗೂ ಗೊತ್ತು. ತಾಜಾ ಕಾಯಿಗೆ ತಕ್ಕದ್ದು ಬಸ್ಸಾರು. ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಹುರುಳಿಕಾಯಿ, ಉಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದಿಡಬೇಕು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಕಾಯಿತುರಿ, ಹುಣಸೆಹಣ್ಣಿನ ಜೊತೆ ಒಂದು ಸೌಟು ಬೆಂದ ಬೇಳೆಯನ್ನೂ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಬೇಳೆ, ಕಾಯಿಗೆ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಮುದ್ದೆ ಇದ್ದರೆ ಊಟ ಪೂರ್ತಿ.

ಕಣ್ತಪ್ಪಿ ಬಲಿತ ಕಾಯಿಯನ್ನು ಬಿಸಾಡಬೇಡಿ. ಹಸಿ ಕಾಳು ಸುಲಿದು ಹುಳಿಗೆ ಹಾಕಬಹುದು. ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ಬಿತ್ತನೆಗೆ ಬೀಜವಾಯಿತು. ಇವು ಹೈಬ್ರಿಡ್ ಅಲ್ಲವಾದ್ದರಿಂದ ತಾಯಿಗಿಡದ ಗುಣವೇ ಬರುತ್ತದೆ. ಒಣಕಾಳನ್ನು ತಿನ್ನುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಅರೆಬೆಂದ ಕಾಳಿನಲ್ಲಿ ಉಳಿಯುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿಭೇದಿ ತರಬಲ್ಲದು.